ಕೇಳಿಸಿಕೊಂಡ ಗ್ರಹಣ

ಮೊನ್ನೆ ನನ್ನ ಅಂಗಡಿಗೆ ಒಂದು ಒನಕೆ ಬಂತು. ಅಶೋಕಪುರಂ ಕಡೆಯ ಹೆಣ್ಣುಮಗಳೊಬ್ಬಳು ಹೆಗಲ ಮೇಲೆ ಹೊತ್ತು ತಂದು, ನನ್ನ ಮುಂದೆ ನಿಲ್ಲಿಸಿ, "ಮಿಲ್ ಬಂದ್ಮೇಲೆ ಇದ್ನ ಯಾರ್ ಮುಟ್ತಾರಣ್ಣ? ಏನಾರ ಕೊಟ್ಬುಡಿ" ಎಂದಳು. ಹಳೆಯ ಸಾಮಾನು ಮಾರಲು ಹೊರಟವರಿಗೆ ನನ್ನದೊಂದು ಬುದ್ಧಿಮಾತಿದೆ, ಪುಕ್ಕಟೆಯಾಗಿ ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ: ನಿಮ್ಮ ಸಾಮಾನಿನ ಅವಗುಣ ಕೊಳ್ಳುವವನ ಬಾಯಿಂದಲೇ ಬರಲಿ, ನೀವಾಗಿ ಹೇಳಬೇಡಿ. ಇದನ್ನು ಆಕೆಗೂ ಹೇಳಿದೆ. ಕೇಳಿಸಿಕೊಂಡ ಆಕೆ ಕೂಡಲೇ ಬೆಲೆ ಏರಿಸಿದಳು. ನನ್ನ ಬುದ್ಧಿಮಾತುಗಳಿಂದ ನನಗೆ ಆಗಿರುವ ಲಾಭವೆಲ್ಲ ಇದೇ ಬಗೆಯದು.

ಆಕೆ ಹೋದ ಮೇಲೆ ಗಿರಾಕಿಗಳಿಲ್ಲದ ಮಧ್ಯಾಹ್ನ. ಒಂದು ಹಿತ್ತಾಳೆ ತಟ್ಟೆ ತೆಗೆದು ನೆಲದ ಮೇಲಿಟ್ಟು, ಅದರೊಳಗೆ ಒನಕೆಯನ್ನು ನಿಲ್ಲಿಸಲು ಕೂತೆ. ಕೈ ಬಿಟ್ಟರೆ ಬೀಳಬಾರದು, ಅದೇ ಆಟ. ಪಕ್ಕದಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ನೋಡಿದ. "ಏನ್ ಗೌಡ್ರೇ, ಇವತ್ತೇನ್ ಗ್ರಾಣವಾ?"

ಗ್ರಹಣದ ದಿನ ಒನಕೆ ನಿಲ್ಲಿಸುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಇಲವಾಲದಾಚೆಯ ನಮ್ಮ ಹಳ್ಳಿಯಲ್ಲಿ ಈ ಕೆಲಸ ನಮ್ಮಜ್ಜಿಯದು. ಗ್ರಹಣ ಹಿಡಿದಿರುವಷ್ಟು ಹೊತ್ತು ಮಾತ್ರ ಒನಕೆ ನೀರಿನ ತಟ್ಟೆಯಲ್ಲಿ ತಾನಾಗಿ ನಿಲ್ಲುತ್ತದೆ, ಬಿಟ್ಟ ಕೂಡಲೇ ಬಿದ್ದುಹೋಗುತ್ತದೆ ಎಂದು ಆಕೆ ಹೇಳುತ್ತಿದ್ದಳು. ಪಕ್ಕದಲ್ಲಿ ಸಗಣಿ ಕದಡಿದ ನೀರಿನ ಬೋಗುಣಿ. ಆ ನೀರಿನೊಳಗೆ ಸೂರ್ಯನನ್ನು ನೋಡಬೇಕು, ಮೇಲಕ್ಕೆ ನೋಡಿದರೆ ಕಣ್ಣು ಹೋಗುತ್ತದೆ. ಮಾಸಲು ಹಸಿರು ನೀರಿನಲ್ಲಿ ಯಾರೋ ಒಂದು ತುತ್ತು ಮುರಿದುಕೊಂಡ ಅಕ್ಕಿ ರೊಟ್ಟಿಯ ಹಾಗೆ ಸೂರ್ಯ ಅಲ್ಲಾಡುತ್ತಿದ್ದ. ನಾನು ಆಗಲೂ ಸ್ವಲ್ಪ ಲೆಕ್ಕದ ಮನುಷ್ಯನೇ. ಗ್ರಹಣವಿಲ್ಲದ ಒಂದು ದಿನ ಗುಟ್ಟಾಗಿ ಒನಕೆ ನಿಲ್ಲಿಸಿ ನೋಡಿದೆ. ನಿಂತಿತು! ಓಡಿಹೋಗಿ ಅಜ್ಜಿಯನ್ನು ಕರೆತಂದು ತೋರಿಸಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ, ಆಕಾಶ ನೋಡಿ, "ಅಂಗಾರೆ ಇವತ್ತೂ ಎಲ್ಲೋ ಗ್ರಾಣ ಹಿಡ್ದದೆ ಬುಡು, ನಮ್ಗೆ ಕಾಣಾಕಿಲ್ಲ ಅಷ್ಟೆ" ಎಂದು ಒಳಗೆ ಹೋದಳು.

ಕಾಣದೆ ಇರುವ ಗ್ರಹಣ! ಈ ಮಾತಿಗೆ ಆಗ ನಕ್ಕಿದ್ದೆ. ಆಮೇಲೆ ಮೈಸೂರಿಗೆ ಬಂದು, ಹೆಂಡತಿ ಮಕ್ಕಳು ಅಂಗಡಿ ಎಲ್ಲ ಆದ ಮೇಲೆ, ಅಂಥದೇ ಒಂದು ಗ್ರಹಣದಲ್ಲಿ ಕೂಲಿಯಾಳಿನ ಹಾಗೆ ದುಡಿದೆ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ. ಒನಕೆಯ ವಿಷಯ ಇಲ್ಲಿಗೆ ಬಿಡೋಣ.

ನನ್ನ ವ್ಯಾಪಾರ ಶುರುವಾದದ್ದು ಯುದ್ಧ ಮುಗಿದ ಮೇಲೆ. ಮಿಲಿಟರಿಯವರು ಬಿಟ್ಟುಹೋದ ಸಾಮಾನನ್ನು ಸರ್ಕಾರ ಹರಾಜು ಹಾಕುತ್ತಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ನನಗೆ ಬಂದದ್ದು ಗುಡಾರದ ಬಟ್ಟೆ, ತಗಡಿನ ತಟ್ಟೆ, ಟೆಲಿಫೋನ್ ತಂತಿ ಮತ್ತು ಪ್ಯಾರಾಚೂಟು. ಪ್ಯಾರಾಚೂಟಿನ ಬಟ್ಟೆಯಲ್ಲಿ ಒಳಲಂಗ ಹೊಲಿಸಬಹುದು ಎಂದು ಮೈಸೂರಿನಲ್ಲಿ ಮೊದಲು ಕಂಡುಹಿಡಿದವನು ನಾನೇ ಎಂದು ಹೇಳಿಕೊಳ್ಳುತ್ತೇನೆ. ನಿಜವಾಗಿ ಕಂಡುಹಿಡಿದವಳು ನನ್ನ ಹೆಂಡತಿ. ಹರಾಜಿನಲ್ಲಿ ಒಂದು ತೊಂದರೆ ಇತ್ತು. ಬೇಕಾದ್ದನ್ನಷ್ಟೇ ಕೊಡುತ್ತಿರಲಿಲ್ಲ, ರಾಶಿಗೆ ರಾಶಿಯೇ ಎತ್ತಬೇಕು. ಹಾಗೆ ಗುಡಾರಗಳ ಜೊತೆಗೆ ನನ್ನ ತಲೆಗೆ ಬಿದ್ದದ್ದು ಒಂದು ಕಬ್ಬಿಣದ ಪೆಟ್ಟಿಗೆ. ಎದುರಿಗೆಲ್ಲ ತಿರುಗುಮುರುಗು ಗುಂಡಿಗಳು, ನಡುವೆ ಗಾಜಿನ ಹಿಂದೆ ಒಂದು ಮುಳ್ಳು. ಯುದ್ಧದಲ್ಲಿ ಶತ್ರು ವಿಮಾನ ಪತ್ತೆ ಮಾಡುತ್ತಿದ್ದ ರೇಡಿಯೋ ಸೆಟ್ಟಂತೆ. ಹಾಡು ಬರುವುದಿಲ್ಲ, ವಾರ್ತೆ ಬರುವುದಿಲ್ಲ, ಯಾರಿಗೆ ಬೇಕು? ವರ್ಷಗಟ್ಟಲೆ ಅದರ ಮೇಲೆ ನನ್ನ ಊಟದ ಡಬ್ಬಿ ಇಡುತ್ತಿದ್ದೆ.

ಒಂದು ದಿನ ಕೋಟು, ಪೇಟ, ದಪ್ಪ ಕನ್ನಡಕದ ಒಬ್ಬರು ಬಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರು, ಶ್ರೀನಿವಾಸಯ್ಯ ಎಂದು. ತಗಡಿನ ತಟ್ಟೆ ಎತ್ತಿ ನೋಡಿದರು, ಇಟ್ಟರು. ಬಕೆಟ್ಟು ಎತ್ತಿ ನೋಡಿದರು, ಇಟ್ಟರು. ಅತ್ತ ಇತ್ತ ಎಲ್ಲ ನೋಡಿದರು, ನನ್ನ ಊಟದ ಡಬ್ಬಿಯ ಕಡೆ ಮಾತ್ರ ಒಂದು ಸಲವೂ ತಿರುಗಲಿಲ್ಲ. ಇಪ್ಪತ್ತು ಸಾಮಾನಿನಲ್ಲಿ ಹತ್ತೊಂಬತ್ತನ್ನು ನೋಡಿ ಒಂದನ್ನು ಬಿಟ್ಟವನಿಗೆ ಬೇಕಾಗಿರುವುದು ಆ ಒಂದೇ. ಇದು ನನ್ನ ಎರಡನೆಯ ಬುದ್ಧಿಮಾತು: ಬೇಕಾದ್ದನ್ನೂ ಬೇಡದ್ದನ್ನೂ ಸಮನಾಗಿ ನೋಡಲು ಕಲಿಯಿರಿ.

"ಡಬ್ಬಿ ತೆಗೀಲಾ ಮೇಷ್ಟ್ರೇ?" ಎಂದೆ.

ಅವರು ಬೆಚ್ಚಿಬಿದ್ದರು. "ಯಾವ ಡಬ್ಬಿ?"

"ಆ ಪೆಟ್ಟಿಗೆ ಮೇಲಿರೋದು. ಅದ್ರಲ್ಲಿ ಏನ್ ಹಿಡೀತೀರಿ ನೀವು? ವಿಮಾನವಾ?"

ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ತಪ್ಪು ಒಪ್ಪಿಕೊಳ್ಳುವ ಹುಡುಗನ ದನಿಯಲ್ಲಿ, "ಸೂರ್ಯನನ್ನ" ಎಂದರು.

ಮೂವತ್ತು ಬಗೆಯ ಗಿರಾಕಿಗಳನ್ನು ಕಂಡಿದ್ದ ನನಗೂ ಈ ಉತ್ತರಕ್ಕೆ ತಕ್ಷಣ ಬೆಲೆ ಕಟ್ಟಲು ಬರಲಿಲ್ಲ. ಕೂರಿಸಿ, ಕಾಫಿ ತರಿಸಿದೆ. ಅವರು ವಿವರಿಸಿದರು. ಸೂರ್ಯನಿಂದ ಬೆಳಕು ಮಾತ್ರ ಬರುವುದಿಲ್ಲವಂತೆ. ಸಿಲೋನಿನಿಂದ ಹಾಡು ಬರುವ ಹಾಗೆ ರೇಡಿಯೋ ಅಲೆಗಳೂ ಬರುತ್ತವೆ. ಹಗಲೆಲ್ಲ ನಮ್ಮ ತಲೆಯ ಮೇಲೆ ಸುರಿಯುತ್ತಲೇ ಇರುತ್ತವೆ, ಕೇಳುವ ಕಿವಿ ನಮಗಿಲ್ಲ. ಸೂರ್ಯನೊಬ್ಬನೇ ಅಲ್ಲ, ಆಕಾಶಗಂಗೆಯೂ ಹೀಗೆ ಪಿಸುಗುಡುತ್ತದೆ. ದುರ್ಬೀನಿನ ಬದಲು ತಂತಿ, ಕಡ್ಡಿ ಕಟ್ಟಿಕೊಂಡು ಪರದೇಶದಲ್ಲಿ ಈಗ ಅದನ್ನೆಲ್ಲ ಕೇಳುತ್ತಿದ್ದಾರೆ. "ಮೋಡ ಇದ್ರೂ ಕೇಳುತ್ತೆ ಗೌಡ್ರೇ. ಮೋಡ ಬೆಳಕನ್ನ ತಡೆಯುತ್ತೆ, ಇದನ್ನ ತಡೆಯೋಲ್ಲ."

"ಕೇಳಿ ಏನ್ ಮಾಡ್ತೀರಿ?"

"ಕೇಳ್ತೀನಿ" ಎಂದರು, ಅಷ್ಟೆ.

ಆ ದಿನ ಪೆಟ್ಟಿಗೆಗೆ ನಾನು ಹಾಕಿದ ಬೆಲೆಯನ್ನು ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ಒಂದು ಷರತ್ತು ಮಾತ್ರ ಹಾಕಿದೆ: ಸೂರ್ಯ ಸಿಕ್ಕಿದ ದಿನ ನನ್ನನ್ನು ಕರೆಯಬೇಕು.

ಮೇಷ್ಟ್ರ ಮನೆ ಅಗ್ರಹಾರದ ಬೀದಿಯೊಂದರ ಕೊನೆಯಲ್ಲಿತ್ತು. ಅವರ ತಂದೆ ಅರಮನೆಯ ದೀಪಗಳ ಉಸ್ತುವಾರಿಯಲ್ಲಿದ್ದು ತೀರಿಕೊಂಡವರು. ಮನೆಯಲ್ಲಿ ತಾಯಿ ಮತ್ತು ಮಗ ಇಬ್ಬರೇ. ಹಿತ್ತಿಲು ಪೂರ್ವದ ಕಡೆಗೆ ಬಯಲು, ಒಂದು ಬಾವಿ, ಒಂದು ಸೀಬೆ ಗಿಡ. ಆ ಹಿತ್ತಿಲಲ್ಲಿ ಮೇಷ್ಟ್ರು ಅಲ್ಯೂಮಿನಿಯಂ ಕಡ್ಡಿಗಳನ್ನು ಬಾಚಣಿಗೆಯ ಹಾಗೆ ಜೋಡಿಸಿ, ಅಂಥ ನಾಲ್ಕು ಬಾಚಣಿಗೆಗಳನ್ನು ಒಂದು ಚೌಕಟ್ಟಿಗೆ ಬಿಗಿದಿದ್ದರು. ಅದೇ ಅವರ ದುರ್ಬೀನು. ಅದನ್ನು ಸೂರ್ಯನ ಕಡೆ ತಿರುಗಿಸುತ್ತ ಹೋಗಬೇಕು. ಚೌಕಟ್ಟನ್ನು ತಬ್ಬಿಕೊಂಡು ಹೆಣಗಾಡುತ್ತಿದ್ದರು. ಉತ್ತರದ ಕಡೆ ಮುಖ ಮಾಡಿ, ತಲೆ ಒಂದು ಚೂರು ಎತ್ತಿದ ಹಾಗೆ ಅಚ್ಚನ್ನು ನೆಟ್ಟು, ಅದರ ಸುತ್ತ ತಿರುಗಿಸಿದರೆ ಸೂರ್ಯ ಹೋದ ಕಡೆಗೆಲ್ಲ ತಾನೇ ಹೋಗುತ್ತದೆ, ಆದರೆ ಅಂಥ ಅಚ್ಚು ಎಲ್ಲಿ ಸಿಗಬೇಕು ಎಂದು ಕೊರಗಿದರು. ಇಂಗ್ಲೆಂಡಿನವರಾದರೆ ಅಚ್ಚಿನ ತಲೆಯನ್ನು ಬಹಳ ಮೇಲಕ್ಕೆ ಎತ್ತಬೇಕಂತೆ, ಮೈಸೂರಿನವರಿಗೆ ಅದು ಹೆಚ್ಚುಕಡಿಮೆ ಮಲಗಿಯೇ ಇರುತ್ತದಂತೆ. ಮಲಗಿದ ಅಚ್ಚು ಎಂದರೆ ಎತ್ತಿನ ಗಾಡಿ! ಮಾರನೆಯ ದಿನವೇ ಒಂದು ಹಳೆಯ ಗಾಡಿಯ ಅಚ್ಚು, ಒಂದು ಗಾಲಿ ಸಾಗಿಸಿ ತಂದೆ. ಗಾಲಿಗೆ ಚೌಕಟ್ಟು ಕಟ್ಟಿದೆವು. ಗಾಲಿ ಸ್ವಲ್ಪ ಉರುಳಿಸಿದರೆ ಸೂರ್ಯ ಸಿಗುತ್ತಿದ್ದ.

ಸಿಕ್ಕ ದಿನ ಕರೆದರು. ಒಳಗಿನ ಕೋಣೆಯಲ್ಲಿ ಪೆಟ್ಟಿಗೆಯ ಮುಂದೆ ನನ್ನನ್ನು ಕೂರಿಸಿದರು. ಬಾಣಲೆಯಲ್ಲಿ ಸಾಸಿವೆ ಸಿಡಿದು ಮುಗಿದ ಮೇಲೆ ಉಳಿಯುವ ಎಣ್ಣೆಯ ಸದ್ದಿನ ಹಾಗೆ ಒಂದು 'ಸೊಂಯ್' ಎಂಬ ದನಿ. ಅವರು ಹೊರಗೆ ಹೋಗಿ ಗಾಲಿ ಉರುಳಿಸಿದರು. ದನಿ ಸಣ್ಣಗೆ ತುಂಬಿಕೊಂಡಿತು, ಮುಳ್ಳು ನಿದ್ದೆಯಲ್ಲಿ ಮಗ್ಗುಲಾದವನ ಹಾಗೆ ಬಲಕ್ಕೆ ಹೊರಳಿತು. ಅಷ್ಟೇ. ಅಷ್ಟಕ್ಕೆ ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಹೊತ್ತು ಹುಟ್ಟಿದರೆ ಅಂಗಡಿ ತೆರೆಯಬೇಕು, ಮುಳುಗಿದರೆ ಹಾಕಬೇಕು ಎಂದಷ್ಟೇ ನಾನು ಸೂರ್ಯನನ್ನು ತಿಳಿದಿದ್ದವನು. ಅವತ್ತಿನಿಂದ ಅಂಗಡಿಗೆ ಬೀಗ ಹಾಕುವಾಗ, ಅಷ್ಟು ದೂರದಿಂದ ಬಂದ ಸದ್ದು ದಿನವೆಲ್ಲ ನನ್ನ ಬೋಳುತಲೆಯ ಮೇಲೆ ಬಿದ್ದು ಚೆಲ್ಲಿಹೋಯಿತಲ್ಲ ಎನ್ನಿಸತೊಡಗಿತು. ವ್ಯಾಪಾರಿಗೆ ಬರಬಾರದ ಯೋಚನೆ ಇದು.

ಹೀಗಿರುವಾಗ ಗ್ರಹಣ ಬಂತು. ಸಿಂಹಳದಲ್ಲಿ ಪೂರ್ತಿ ಹಿಡಿಯುತ್ತದೆ, ಮೈಸೂರಿನಲ್ಲೂ ಮುಕ್ಕಾಲು ಪಾಲಿನಷ್ಟು ಹಿಡಿಯುತ್ತದೆ ಎಂದು ಪಂಚಾಂಗದವರು ಹೇಳಿದ ಗ್ರಹಣ. ಮುಂಗಾರಿನ ಅಮಾವಾಸ್ಯೆ, ಬೆಳಗಿನ ಹೊತ್ತು. ಮೇಷ್ಟ್ರು ನೆಲದ ಮೇಲೆ ಕಾಲು ನಿಲ್ಲದ ಹಾಗೆ ಓಡಾಡತೊಡಗಿದರು.

"ನೋಡಿ ಗೌಡ್ರೇ, ಕಣ್ಣಿಗೆ ಕಾಣೋ ಸೂರ್ಯ ಇಷ್ಟು. ಚಂದ್ರ ಅದರಲ್ಲಿ ಮುಕ್ಕಾಲು ಮುಚ್ಚಿದರೆ ಮುಳ್ಳೂ ಮುಕ್ಕಾಲು ಇಳೀಬೇಕು, ಅಲ್ವೇ? ಆದರೆ ಕೇಳಿಸೋ ಸೂರ್ಯ ಕಾಣೋ ಸೂರ್ಯನಿಗಿಂತ ದೊಡ್ಡದು ಅಂತಾರೆ. ಹಾಗಿದ್ದರೆ ಅಷ್ಟು ಇಳಿಯೋಲ್ಲ, ಹೆಚ್ಚು ಉಳಿಯುತ್ತೆ."

ನನ್ನ ಮುಖ ನೋಡಿ ಅವರೇ ಬೇರೆ ದಾರಿ ಹಿಡಿದರು. "ದಸರಾದಲ್ಲಿ ಸೋನೆ ಹಿಡಿದಾಗ ಅರಮನೆ ದೀಪ ನೋಡಿದ್ದೀರಾ?"

ನೋಡದೆ ಏನು! ಹೊಸದಾಗಿ ಊರಿಗೆ ಬಂದಾಗ ಆ ದೀಪ ನೋಡುತ್ತ ಹೊಟ್ಟೆ ಹಸಿದದ್ದನ್ನು ಮರೆತವನು ನಾನು. ಸೋನೆಯಲ್ಲಿ ಒಂದೊಂದು ಬಲ್ಬಿನ ಸುತ್ತಲೂ ಬಂಗಾರದ ಹುಡಿ ಕಟ್ಟಿಕೊಂಡು, ಬಲ್ಬು ಕಾಳಿನಷ್ಟಿದ್ದರೆ ಬೆಳಕು ಕಿತ್ತಳೆ ಹಣ್ಣಿನಷ್ಟು ಕಾಣುತ್ತಿತ್ತು.

"ಬಲ್ಬಿಗೆ ಬೆರಳು ಅಡ್ಡ ಹಿಡಿದರೂ ಸುತ್ತಿನ ಹುಡಿ ಉಳಿಯುತ್ತಲ್ಲ, ಹಾಗೆ" ಎಂದರು. "ಇದು ಬೇರೆಯವರಿಗೆ ಗೊತ್ತಿರೋ ವಿಷಯವೇ. ಆದರೆ ನಾನು ಕೇಳಿಲ್ಲ. ನಮ್ಮ ಹಿತ್ತಿಲಲ್ಲಿ, ನಮ್ಮ ಕಡ್ಡಿಯಲ್ಲಿ ಕೇಳಿಲ್ಲ. ಇಂಥ ಇನ್ನೊಂದು ಗ್ರಹಣ ಮೈಸೂರಿಗೆ ಬರೋ ಹೊತ್ತಿಗೆ ನನಗೆ ಪೆನ್ಷನ್ ಬಂದಿರುತ್ತೆ."

ಎಲ್ಲ ಸರಿ. ತಾಯಿ ರಂಗಮ್ಮನವರು ಮಾತ್ರ ಒಪ್ಪಲಿಲ್ಲ. ಗ್ರಹಣ ಬಿದ್ದದ್ದು ಮೃಗಶಿರಾ ನಕ್ಷತ್ರದಲ್ಲಿ, ಮಗ ಹುಟ್ಟಿದ್ದೂ ಮೃಗಶಿರಾ ನಕ್ಷತ್ರದಲ್ಲಿ. ಹಾಗಿದ್ದವರು ಹಣೆಗೆ ಶ್ಲೋಕ ಬರೆದ ಪಟ್ಟಿ ಕಟ್ಟಿಕೊಂಡು, ಬಾಗಿಲು ಹಾಕಿಕೊಂಡು ಒಳಗಿರಬೇಕು, ಸೂರ್ಯನನ್ನು ನೋಡಬಾರದು. ಮೇಷ್ಟ್ರು ಐದು ವರ್ಷದವರಿದ್ದಾಗ ಇಂಥದೇ ಒಂದು ಗ್ರಹಣದಲ್ಲಿ ತಪ್ಪಿಸಿಕೊಂಡು ಬೀದಿಗೆ ಓಡಿ ಮೇಲಕ್ಕೆ ನೋಡಿದ್ದರಂತೆ. ಅದೇ ವಾರ ವಿಷಮಜ್ವರ ಬಂದು, ತಿಂಗಳುಗಟ್ಟಲೆ ಮಲಗಿ, ಬದುಕಿದ್ದೇ ಹೆಚ್ಚು. ಕಣ್ಣು ಮಂಜಾದದ್ದೂ ಆಗಲೇ. ಗ್ರಹಣಕ್ಕೂ ಜ್ವರಕ್ಕೂ ಸಂಬಂಧವಿಲ್ಲ ಎಂದು ಮಗ ನೂರು ಸಲ ಹೇಳಿದ್ದರು. ತಿಂಗಳುಗಟ್ಟಲೆ ಹಾಸಿಗೆಯ ಪಕ್ಕ ಕೂತಿದ್ದವರು ಮಗನಲ್ಲ, ತಾಯಿ.

"ಗೌಡ್ರೇ, ನೀವು ಒಂದು ಮಾತು ಆಡಿ ನೋಡಿ" ಎಂದರು ಮೇಷ್ಟ್ರು.

ರಂಗಮ್ಮನವರು ಅಡಿಗೆಮನೆಯ ಹೊಸ್ತಿಲಾಚೆ, ನಾನು ನಡುಮನೆಯ ಕಂಬದ ಪಕ್ಕ. ಮೊದಲು ಬಾವಿ ನೀರಿನ ವಿಷಯ ಮಾತಾಡಿದೆ, ಹುಣಿಸೇಹಣ್ಣಿನ ವಿಷಯ ಮಾತಾಡಿದೆ. ನೇರವಾಗಿ ವಿಷಯಕ್ಕೆ ಬರುವವನು ವ್ಯಾಪಾರಕ್ಕೆ ಬರಬಾರದು. ಆಕೆಯೇ ಕೊನೆಗೆ, "ಅದೇನು ಕೇಳೋಕೆ ಬಂದಿದ್ದೀಯೋ ಕೇಳಪ್ಪ, ಒಲೆ ಆರಿಹೋಗತ್ತೆ" ಎಂದರು.

"ಅಮ್ಮಾವ್ರೇ, ನೋಡಬಾರ್ದು ಅಂತ ತಾನೆ ಶಾಸ್ತ್ರ?"

"ಹೌದು."

"ಮೇಷ್ಟ್ರು ನೋಡಾಕಿಲ್ಲ. ಬಾಗ್ಲು ಹಾಕ್ಕೊಂಡು, ಕಿಟಕಿ ಹಾಕ್ಕೊಂಡು, ಪಟ್ಟಿ ಕಟ್ಕೊಂಡು, ಪೆಟ್ಟಿಗೆ ಮುಂದೆ ಕೂತಿರ್ತಾರೆ. ಬರೀ ಕೇಳೋದು. ಕೇಳಬಾರ್ದು ಅಂತ ಎಲ್ಲಾದ್ರೂ ಬರ್ದದ?"

ಆಕೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ಒಂದು ಸಲ ಮನಸ್ಸಿನಲ್ಲೇ ತಿರುವಿಹಾಕಿದರು. ಒಲೆಯಲ್ಲಿ ಕಟ್ಟಿಗೆ ಚಟಪಟಗುಟ್ಟುತ್ತಿತ್ತು. "ಕೇಳಬಾರದು ಅಂತ ಎಲ್ಲೂ ಬರೆದಿಲ್ಲ" ಎಂದರು, ಶಾಸ್ತ್ರಕಾರರ ಮೇಲೆ ಸ್ವಲ್ಪ ಬೇಸರವಾದವರ ಹಾಗೆ. ಆಮೇಲೆ ದನಿ ಗಟ್ಟಿ ಮಾಡಿ, "ಹೊರಗೆ ಆ ಗಾಡಿ ಚಕ್ರ ತಿರುಗಿಸೋರು ಯಾರು?"

"ನಾನೇ. ನನ್ದು ಮೃಗಶಿರ ಅಲ್ಲ."

"ಯಾವುದು?"

"ಯಾವ್ದೋ ಅಮ್ಮಾವ್ರೇ, ನಮ್ಮವ್ವ ರಾಗಿ ಕಳೆ ಕೀಳೋವಾಗ ಹುಟ್ಟಿದ್ದು."

ಆಕೆ ನಕ್ಕರು. ನಕ್ಕರೆ ವ್ಯಾಪಾರ ಅರ್ಧ ಕುದುರಿದ ಹಾಗೆ. ಉಳಿದರ್ಧಕ್ಕೆ ಮಗನನ್ನು ಕರೆದರು. "ಶೀನೂ, ಸ್ಪರ್ಶದಿಂದ ಮೋಕ್ಷದವರೆಗೆ ಆ ಕೋಣೆ ಹೊಸ್ತಿಲು ದಾಟಬಾರದು. ಏನೇ ಆಗಲಿ. ನನ್ನ ಕೈಮುಟ್ಟಿ ಹೇಳು." ಸ್ಪರ್ಶ ಎಂದರೆ ಹಿಡಿಯಲು ಶುರುವಾಗುವುದು, ಮೋಕ್ಷ ಎಂದರೆ ಬಿಡುವುದು. ಮೇಷ್ಟ್ರು ಕೈಮುಟ್ಟಿ ಹೇಳಿದರು.

ಗ್ರಹಣದ ಬೆಳಿಗ್ಗೆ ಮೋಡ. ಚಾಮುಂಡಿ ಬೆಟ್ಟ ಕಾಣುವುದಿಲ್ಲ, ಸೂರ್ಯನಂತೂ ಇಲ್ಲವೇ ಇಲ್ಲ. ಬೀದಿಯಲ್ಲಿ ಮಸಿ ಬಳಿದ ಗಾಜಿನ ಚೂರು ಹಿಡಿದು ನಿಂತವರೆಲ್ಲ ಮೋಡವನ್ನು ಬೈಯುತ್ತಿದ್ದರು. ನಾನೊಬ್ಬನೇ ಬೀಗುತ್ತ ಅವರ ನಡುವೆ ಹಾದು ಹೋದೆ. ಕೋಣೆಯಲ್ಲಿ ಮೇಷ್ಟ್ರು ಹಣೆಗೆ ಪಟ್ಟಿ ಕಟ್ಟಿಕೊಂಡು, ಅದರ ಕೆಳಗೆ ದಪ್ಪ ಕನ್ನಡಕ, ಕೈಯಲ್ಲಿ ಪೆನ್ಸಿಲ್, ಮುಂದೆ ಗೆರೆ ಕಾಗದ ಇಟ್ಟುಕೊಂಡು, ಪರೀಕ್ಷೆಗೆ ಕೂತ ಮದುಮಗನಂತೆ ಕಾಣುತ್ತಿದ್ದರು. ಕಿಟಕಿ ಮುಚ್ಚಿತ್ತು. ಮೋಡದ ಹಿಂದಿನಿಂದ ಸೂರ್ಯನ ಸದ್ದು ಮಾತ್ರ ಮಾಮೂಲಿನಂತೆ ಬರುತ್ತಿತ್ತು.

ಸ್ಪರ್ಶಕ್ಕೆ ಅಮ್ಮನವರು ಸ್ನಾನ ಮಾಡಬೇಕು, ಬಚ್ಚಲು ಹಿತ್ತಿಲಲ್ಲಿ. ಹಾಗಾಗಿ ಗಾಲಿಯನ್ನು ಮೊದಲೇ ಸರಿಯಾಗಿ ಇಟ್ಟು, ನಾನು ಬೀದಿ ಕಡೆಯ ಜಗಲಿಗೆ ಹೋಗಿ ಕೂತೆ. ಆಕೆಯ ಸ್ನಾನ ಮುಗಿದು ದೇವರ ಕೋಣೆಯ ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಎದ್ದು ಹಿತ್ತಿಲಿಗೆ ಬಂದೆ. ಬರುತ್ತಿದ್ದಂತೆ ಮುಚ್ಚಿದ ಕಿಟಕಿಯ ಹಿಂದಿನಿಂದ ಮೇಷ್ಟ್ರ ದನಿ.

"ಗೌಡ್ರೇ! ಎಲ್ಲಿದ್ದೀರಿ? ಮುಳ್ಳು ಬಿದ್ದುಹೋಯ್ತು! ಸೂರ್ಯನೇ ಇಲ್ಲ! ಚಕ್ರ ಜರುಗಿತೇನ್ರೀ?"

ಚಕ್ರ ಜರುಗಿರಲಿಲ್ಲ. ನಾಲ್ಕು ಬಾಚಣಿಗೆಗಳ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಹಿಂಡಿದ ನೀರು ತೊಟ್ಟಿಕ್ಕುತ್ತ, ಅಮ್ಮನವರ ಹದಿನೆಂಟು ಮೊಳದ ಮಡಿ ಸೀರೆ ಹರವಿಕೊಂಡಿತ್ತು.

ಆಕೆಯ ಲೆಕ್ಕ ಸರಿಯಾಗಿಯೇ ಇತ್ತು. ಹಿತ್ತಿಲಿನಲ್ಲಿ ಮಡಿ ಬಟ್ಟೆ ಹರವುವ ಬಿದಿರಿನ ಗಳುವನ್ನು ಕಡ್ಡಿಗಳಿಗೆ ಅಡ್ಡವೆಂದು ಮೇಷ್ಟ್ರು ಬಿಚ್ಚಿಸಿದ್ದರು. ಒಳಗೆ ಹಾಕಿದರೆ ಇಂಥ ಮೋಡದಲ್ಲಿ ಬಟ್ಟೆ ಒಣಗುವುದಿಲ್ಲ. ಮೋಕ್ಷದ ಸ್ನಾನ ಮಾಡಿ, ಅದೇ ಸೀರೆ ಉಟ್ಟು, ಅಡಿಗೆ ಮಾಡಿ ಉಣ್ಣಬೇಕು. ಹಿಂದಿನ ಸಂಜೆಯಿಂದ ಉಪವಾಸ. ಮಡಿ ಬಟ್ಟೆಗೆ ಬೇಕಾದದ್ದು ಎತ್ತರ, ಗಾಳಿ, ಯಾರ ಕೈಯೂ ತಾಗದ ಜಾಗ. 'ಅದನ್ನು ಯಾರೂ ಮುಟ್ಟಬಾರದು, ಮುಟ್ಟಬಾರದು' ಎಂದು ಮಗ ತಿಂಗಳಿಂದ ಕೂಗಿಕೊಂಡದ್ದು ಯಾವುದನ್ನು ಕುರಿತು? ಆ ಕಡ್ಡಿಗಳನ್ನು. ಯಾರೂ ಮುಟ್ಟದ್ದಕ್ಕಿಂತ ಮಡಿ ಇನ್ನೇನಿದೆ? ಬಚ್ಚಲ ಬಾಗಿಲಲ್ಲೇ ನಿಂತು, ತಲೆ ಎತ್ತದೆ, ಮಡಿ ಕೋಲಿನಿಂದ ಸೀರೆಯನ್ನು ಎತ್ತಿ ಹರವಿ ಒಳಗೆ ಹೋಗಿಬಿಟ್ಟಿದ್ದರು.

"ಏನದು ಗೌಡ್ರೇ?"

"ಅಮ್ಮಾವ್ರ ಸೀರೆ."

ಒಳಗೆ ಪೆನ್ಸಿಲ್ ಕೆಳಗಿಟ್ಟ ಸದ್ದು.

"ತೆಗ್ದುಬುಡ್ಲಾ ಮೇಷ್ಟ್ರೇ?"

"ಬೇಡ. ನೀವು ಮುಟ್ಟಿದರೆ ಅಮ್ಮ ಅದನ್ನ ಉಡೋಲ್ಲ. ಮತ್ತೆ ಒಗೆದು, ಮತ್ತೆ ಒಣಗಿಸಿ... ಈ ಮೋಡದಲ್ಲಿ ಇವತ್ತೆಲ್ಲ ಊಟ ಇಲ್ಲ ಅವಳಿಗೆ. ಬೇಡ ಗೌಡ್ರೇ. ನಾನು ಮುಟ್ಟಿದರೂ ಅಷ್ಟೇ, ನಾನೇನು ಮಡಿಯಲ್ಲಿದ್ದೀನಾ?"

"ಮತ್ತೆ ಗ್ರಾಣ?"

ಮುಚ್ಚಿದ ಕಿಟಕಿಯ ಹಿಂದೆ ಕುರ್ಚಿ ಒಂದು ಸಲ ಕಿರುಗುಟ್ಟಿತು. ಎದ್ದರೇನೋ. ಹೆಜ್ಜೆ ಬಾಗಿಲಿನವರೆಗೆ ಬಂತು, ನಿಂತಿತು. ಆಮೇಲೆ ಹೆಜ್ಜೆ ಹಿಂದಕ್ಕೆ ಹೋಯಿತು, ಕುರ್ಚಿ ಮತ್ತೆ ಕಿರುಗುಟ್ಟಿತು. ಮೋಡದಾಚೆ ಎಲ್ಲೋ ಸೂರ್ಯನನ್ನು ತುತ್ತು ತುತ್ತಾಗಿ ತಿನ್ನುತ್ತಿದ್ದಾರೆ, ಇಲ್ಲಿ ಬೆಳಕು ಬೂದಿಯ ಬಣ್ಣಕ್ಕೆ ತಿರುಗುತ್ತಿದೆ, ಕಾಗೆಗಳು ಗೂಡಿಗೆ ಹೊರಟಿವೆ.

ದೇವರ ಕೋಣೆಗೆ ಹಿತ್ತಿಲ ಕಡೆ ಒಂದು ಸಣ್ಣ ಕಿಟಕಿ ಇತ್ತು, ಕಬ್ಬಿಣದ ಸರಳಿನದು. ಅದರ ಕೆಳಗೆ ಹೋಗಿ ನಿಂತೆ. ಒಳಗೆ ಜಪಮಣಿಯ ಸದ್ದು. ಮೋಕ್ಷದವರೆಗೆ ಮೌನ. ಆಕೆ ಮಾತಾಡುವ ಹಾಗಿಲ್ಲ.

"ಅಮ್ಮಾವ್ರೇ, ನಾನು ಗೌಡ. ಸೀರೆ ಕಡ್ಡಿ ಮೇಲದೆ, ಸೂರ್ಯ ಕೇಳ್ತಾ ಇಲ್ಲ. ಒಂದ್ಸಲ ಬಂದು ತೆಗ್ದುಬುಡಿ."

ಮಣಿಯ ಸದ್ದು ನಿಲ್ಲಲಿಲ್ಲ.

"ಹೊಸಾ ಬಿದಿರಿನ ಗಳು ತಂದು ಕಟ್ತೀನಿ. ಇನ್ನೂ ಎತ್ರುಕ್ಕೆ ಕಟ್ತೀನಿ."

ಮಣಿ.

"ಗಾಲಿ ಗೀಲಿ ಎಲ್ಲಾ ನಾಳೆನೇ ಎತ್ಕೊಂಡು ಹೋಗ್ತೀನಿ. ಹಿತ್ಲು ನಿಮ್ದೇ."

ಮಣಿ.

ವ್ಯಾಪಾರದಲ್ಲಿ ಬಾಯಿ ಬಿಡದ ಗಿರಾಕಿಯೇ ಎಲ್ಲರಿಗಿಂತ ಕಷ್ಟ. ಅವನು ಸುಮ್ಮನಿದ್ದಷ್ಟೂ ನಾವೇ ನಮ್ಮ ಬೆಲೆಯನ್ನು ಇಳಿಸಿಕೊಳ್ಳುತ್ತ ಹೋಗುತ್ತೇವೆ. ಬೇರೆಯವರಿಗೆ ಇಷ್ಟೊಂದು ಬುದ್ಧಿ ಹೇಳುವ ನಾನು ಅವತ್ತು ಆ ಸಣ್ಣ ಕಿಟಕಿಯ ಕೆಳಗೆ ನನ್ನ ಅಂಗಡಿಯನ್ನೊಂದು ಬಿಟ್ಟು ಎಲ್ಲವನ್ನೂ ಕೊಟ್ಟು ಮುಗಿಸಿದೆ. ಇನ್ನು ಕೊಡಲು ಏನೂ ಉಳಿಯಲಿಲ್ಲ. ಸುಸ್ತಾಗಿ ಗೋಡೆಗೆ ಒರಗಿದೆ. ಬೇರೆ ಮಾತು ತೋಚದೆ, ಕಂಡದ್ದನ್ನೇ ಹೇಳಿದೆ.

"ಮೇಷ್ಟ್ರು ಸೀರೆ ಮುಟ್ಬೇಡಿ ಅಂದ್ರು ಅಮ್ಮಾವ್ರೇ. ಎದ್ದು ಬಾಗ್ಲು ತಂಕ ಬಂದ್ರು. ಹೊಸ್ಲು ದಾಟ್ಲಿಲ್ಲ. ವಾಪಸ್ ಹೋಗಿ ಕೂತವ್ರೆ."

ಮಣಿ ನಿಂತಿತು.

ಹೀಗೆ ನಿಂತ ಸದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಏನೋ ಮರ ಗೋಡೆಗೆ ತಗುಲಿತು. ಆಮೇಲೆ ನನ್ನ ತಲೆಯ ಮೇಲೆ, ಕಿಟಕಿಯ ಸರಳುಗಳ ನಡುವಿನಿಂದ, ಒಂದು ಕೋಲಿನ ತುದಿ ಹೊರಗೆ ಬಂತು. ಹಿಂದೆಯೇ ಇಡೀ ಕೋಲು. ನೀರು ಕುಡಿದು ಕುಡಿದು ನುಣುಪಾದ ಅಮ್ಮನವರ ಮಡಿ ಕೋಲು. ಅದನ್ನು ಆ ಮನೆಯಲ್ಲಿ ಮಗ ಕೂಡ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಅದು ನನ್ನ ಕಡೆಗೆ ಜಾರಿ ಬಂದು ನಿಂತಿತು. ಹಿಡಿದುಕೊಳ್ಳದಿದ್ದರೆ ಬಿದ್ದುಹೋಗುತ್ತಿತ್ತು. ಹಿಡಿದುಕೊಂಡೆ.

ಹದಿನೆಂಟು ಮೊಳದ ಒದ್ದೆ ಸೀರೆಯನ್ನು ಕೋಲಿನಿಂದ, ಮೈಗೆ ತಾಗಿಸಿಕೊಳ್ಳದೆ, ಅಲ್ಯೂಮಿನಿಯಂ ಕಡ್ಡಿಗಳ ನಡುವಿನಿಂದ ಬಿಡಿಸುವುದು ಹೇಗೆಂದು ನನ್ನನ್ನು ಕೇಳಿ, ಹೇಳಿಕೊಡುತ್ತೇನೆ. ಉಸಿರು ಬಿಡಬಾರದು, ಅವಸರ ಮಾಡಬಾರದು, ತೋಳು ನಡುಗಿದರೂ ಕೋಲು ನಡುಗಬಾರದು. ಕೊನೆಗೆ ಕೋಲಿನ ಸಮೇತ ಅದನ್ನು ಬಾವಿಯ ಕಂಬಕ್ಕೂ ಸೀಬೆ ಗಿಡದ ಕೊಂಬೆಗೂ ನಡುವೆ ಇಟ್ಟೆ. ಸೀರೆ ನನಗೆ ತಾಗಲಿಲ್ಲ.

"ಬಂತು!" ಎಂದು ಕಿಟಕಿಯ ಹಿಂದೆ ಮೇಷ್ಟ್ರು ಕೂಗಿದರು. ಮೊದಲ ತುತ್ತುಗಳು ಕೈತಪ್ಪಿದ್ದವು, ನಡುಗ್ರಹಣಕ್ಕೆ ಇನ್ನೂ ಸಮಯವಿತ್ತು. ನಾನು ಗಾಲಿಯ ಪಕ್ಕ ಕೂತು, ಅವರು ಹೇಳಿದಾಗಲೆಲ್ಲ ಕೂದಲೆಳೆಯಷ್ಟು ಉರುಳಿಸುತ್ತ ಹೋದೆ.

ಆಗ ಒಂದೇ ಒಂದು ಸಲ ಮೋಡ ಹರಿಯಿತು. ಸೀಬೆ ಎಲೆಗಳ ಸಂದಿಯಿಂದ ಬೆಳಕು ಓರೆಯಾಗಿ ಬಂದು ಸೀರೆಯ ಮೇಲೆ ಬಿತ್ತು. ದಿನವೂ ದುಂಡಗೆ ಬೀಳುವ ಬೆಳಕಿನ ಚುಕ್ಕೆಗಳು ಅವತ್ತು ದುಂಡಗಿರಲಿಲ್ಲ. ಸೀರೆಯ ಉದ್ದಕ್ಕೂ ಬಿದಿಗೆಯ ಚಂದ್ರರು, ನೂರೋ ಇನ್ನೂರೋ, ಉಗುರಿನಷ್ಟು ತೆಳ್ಳಗೆ. ಗಾಳಿಗೆ ಸೀರೆ ಉಬ್ಬಿದಾಗ ಎಲ್ಲ ಒಟ್ಟಿಗೆ ತೇಲಿದವು, ಇಳಿದಾಗ ಒಟ್ಟಿಗೆ ಇಳಿದವು. ಕಿಟಕಿಯಿಂದ 'ಸೊಂಯ್' ಎಂಬ ಸದ್ದು ಸಣ್ಣಗಾಗಿ ಬರುತ್ತಿತ್ತು. ಹಕ್ಕಿಗಳಿಲ್ಲ, ಬೀದಿಯಲ್ಲಿ ಮಾತಿಲ್ಲ. ನಾನು ಯಾವ ಊರಿನಲ್ಲಿದ್ದೇನೆ, ಏನು ವ್ಯಾಪಾರ ಮಾಡುತ್ತೇನೆ ಎಂಬುದೆಲ್ಲ ಸ್ವಲ್ಪ ಹೊತ್ತು ನನಗೇ ಮರೆತುಹೋಯಿತು. ಯಾರನ್ನಾದರೂ ಕರೆಯೋಣವೆಂದರೆ, ಮನೆಯಲ್ಲಿದ್ದ ಇಬ್ಬರೂ ನೋಡಬಾರದವರು. ಮೋಡ ಮುಚ್ಚಿತು, ಚಂದ್ರರು ಆರಿಹೋದರು.

ಒಳಗಿನಿಂದ ಮೇಷ್ಟ್ರ ದನಿ, ದೇವಸ್ಥಾನದಲ್ಲಿ ಮಾತಾಡುವಷ್ಟು ಮೆಲ್ಲಗೆ: "ಇನ್ನು ಇಳೀತಾ ಇಲ್ಲ ಗೌಡ್ರೇ. ನಿಂತುಬಿಡ್ತು. ಉಳಿದಿದೆ. ಬೇಕಾದಷ್ಟು ಉಳಿದಿದೆ."

ಮೋಕ್ಷವಾಯಿತು. ಅಮ್ಮನವರು ಸ್ನಾನಕ್ಕೆ ಹೊರಟರು, ನಾನು ಜಗಲಿಗೆ ಹೊರಟೆ. ಹೋಗುವಾಗ ಬೆನ್ನು ತಿರುಗಿಸಿಕೊಂಡೇ ಹೇಳಿದೆ: "ಸೀರೆಗೆ ಕೈ ತಾಗ್ಸಿಲ್ಲ ಅಮ್ಮಾವ್ರೇ. ಕೋಲು ಮಾತ್ರ."

"ಕೋಲು ಕೊಟ್ಟೋಳು ನಾನಲ್ವೇನೋ?" ಎಂದರು. ಮೌನ ಮುರಿದ ಮೊದಲ ಮಾತು ಅದು.

ಅದೇ ಸೀರೆ ಉಟ್ಟು, ಇನ್ನೂ ಅಂಚು ಪೂರ್ತಿ ಒಣಗಿರಲಿಲ್ಲ, ಅಡಿಗೆ ಮಾಡಿದರು. ನನಗೂ ಜಗಲಿಯ ಮೇಲೆ ಎಲೆ ಹಾಕಿ ಬಡಿಸಿದರು. ಊಟವಾದ ಮೇಲೆ ಮಗನ ಹಣೆಯ ಪಟ್ಟಿ ಬಿಚ್ಚಿ, ಅಂಗೈ ಇಟ್ಟು ಜ್ವರವಿದೆಯೇ ಎಂದು ನೋಡಿದರು. ಇರಲಿಲ್ಲ. ಆಗ ಕೇಳಿದರು: "ಅದೇನು ಕೇಳಿಸಿಕೊಂಡೆಯೋ, ನನಗೂ ಒಂದು ಚೂರು ತೋರಿಸು."

ಮೇಷ್ಟ್ರು ಕಿಟಕಿ ತೆರೆದರು. ಅಮ್ಮನವರನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ಮುಳ್ಳನ್ನು ತೋರಿಸಿ, "ಗೌಡ್ರೇ, ಸೂರ್ಯನನ್ನ ಬಿಟ್ಟು ಆಚೆ ತಿರುಗಿಸಿ" ಎಂದರು. ಆಚೆ ತಿರುಗಿಸಿದೆ. "ಈಗ ವಾಪಸ್ಸು ತನ್ನಿ, ಮೆಲ್ಲಗೆ." ಆಕಾಶವೆಲ್ಲ ಮೋಡ, ಇಡೀ ಮೈಸೂರಿನಲ್ಲಿ ಒಬ್ಬರಿಗೂ ಸೂರ್ಯ ಕಾಣುತ್ತಿರಲಿಲ್ಲ. ಮೆಲ್ಲಗೆ ಉರುಳಿಸುತ್ತ ತಂದೆ.

"ಬಂದ!" ಎಂದರು ಅಮ್ಮನವರು ಒಳಗಿನಿಂದ. ಊರಿಗೆ ಹೋಗಿದ್ದವರು ಬಾಗಿಲಿಗೆ ಬಂದಾಗ ಒಳಗಿನವರು ಕೂಗುವ ಹಾಗೆ. "ಬಂದ ಕಣೋ ಶೀನೂ, ಬಂದ! ಗೌಡ, ಇನ್ನೊಂದು ಸಲ ಕಳಿಸಿ ಕರಿ!"

ಕಳಿಸಿದೆ, ಕರೆದೆ. ಮತ್ತೆ ಕಳಿಸಿದೆ. ಆ ಮಧ್ಯಾಹ್ನ ನಾನು ಅಂಗಡಿ ತೆರೆಯಲಿಲ್ಲ.